ಗಾಳಿ ಬಿಸಿಲುಗಳ ಲೆಕ್ಕ: ಆಟೋ ಕೋನಿಗ್ಸ್‌ಬರ್ಗರ್ ಅವರ ವಾಸ್ತುಸಾಧನೆ

ಕನ್ನಡದಲ್ಲಿ ಕಾವ್ಯವಿಮರ್ಶೆಯಿದೆ, ಕಾದಂಬರಿಯ ವಿಮರ್ಶೆಯಿದೆ, ನಾಟಕ ಸಂಗೀತಗಳ ವಿಮರ್ಶೆಯೂ ತಕ್ಕಮಟ್ಟಿಗೆ ಬೆಳೆದಿದೆ. ಕಟ್ಟಡದ ವಿಮರ್ಶೆ ಮಾತ್ರ ಇಲ್ಲವೆನ್ನುವಷ್ಟು ವಿರಳ. ಬೇಲೂರು ಹಳೇಬೀಡುಗಳ ದೇಗುಲಗಳನ್ನು ಕುರಿತು ನಾವು ಬೇಕಾದಷ್ಟು ಬರೆದಿದ್ದೇವೆ. ಆದರೆ ದಿನನಿತ್ಯ ಹೊಕ್ಕು ಹೊರಬರುವ ಶಾಲೆ, ಆಸ್ಪತ್ರೆ, ಕಚೇರಿ, ವಸತಿಗೃಹಗಳನ್ನು ಯಾರೋ ಒಬ್ಬರು ಯೋಚಿಸಿ ರಚಿಸಿದ್ದಾರೆಂಬುದೇ ನಮಗೆ ನೆನಪಾಗುವುದಿಲ್ಲ. ಸೂರು ಸೋರಿದಾಗ ಮಾತ್ರ ಕಟ್ಟಿದವನ ಹೆಸರು ನಾಲಿಗೆಯ ಮೇಲೆ ಬರುತ್ತದೆ. ಈ ಸಂಚಿಕೆಯಲ್ಲಿ ಕವಿಗಳನ್ನು ಕುರಿತು ಬರೆಯುವವರು ಹಲವರಿರುವುದರಿಂದ, ಕನ್ನಡ ನಾಡಿನಲ್ಲಿ ಒಂಬತ್ತು ವರ್ಷ ಸರ್ಕಾರಿ ವಾಸ್ತುಶಿಲ್ಪಿಯಾಗಿ ದುಡಿದು, ಆಮೇಲೆ ಜಗತ್ತಿನ ಉಷ್ಣದೇಶಗಳ ಗೃಹನಿರ್ಮಾಣಕ್ಕೆ ಗುರುವೆನಿಸಿದ ಒಬ್ಬ ಪರದೇಶಿಯ ಸಾಧನೆಯನ್ನು ಪರಿಶೀಲಿಸಲು ನಾವು ಹೊರಟಿದ್ದೇವೆ.

ಪರದೇಶಿ ತಜ್ಞರೆಂದರೆ ಕುಂದಾ ಭಾಗದವರಿಗೆ ಹೊಸ ಮಾತಲ್ಲ. ಸ್ವಾತಂತ್ರ್ಯಾನಂತರ ಕೊಲಂಬೊ ಯೋಜನೆಯ ಅಡಿಯಲ್ಲಿ ಕೆನಡಾ ದೇಶದ ನೆರವಿನಿಂದ ಕುಂದಾ ಜಲವಿದ್ಯುತ್ ಯೋಜನೆ ರೂಪುಗೊಂಡಿತು. ಅವಲಾಂಚಿ, ಎಮರಾಲ್ಡ್, ಮೇಲ್ ಭವಾನಿಗಳ ಜಲಾಶಯಗಳಲ್ಲಿ ನಿಂತ ನೀರು ಗೆದ್ದೆ, ಪರಳಿ, ಪಿಲ್ಲೂರುಗಳತ್ತ ಇಳಿಯುವ ದಾರಿಯಲ್ಲಿ ಒಂದಾದಮೇಲೊಂದು ವಿದ್ಯುದಾಗಾರಗಳನ್ನು ತಿರುಗಿಸುತ್ತ ಹೋಗುವುದು ನಮ್ಮ ಮಕ್ಕಳಿಗೂ ಗೊತ್ತು. 1950ರ ದಶಕದಲ್ಲಿ ಕೆನಡಾದ ಯಂತ್ರಗಳೂ ತಂತ್ರಜ್ಞರೂ ಈ ಬೆಟ್ಟಗಳನ್ನೇರಿ ಬಂದು, ಕೆಲಸ ಮುಗಿಸಿ, ತಮ್ಮ ದೇಶಕ್ಕೆ ಮರಳಿದರು. ಆ ನೆರವನ್ನು ನಾವು ಕೃತಜ್ಞತೆಯಿಂದಲೇ ಸ್ಮರಿಸುತ್ತೇವೆ. ಆದರೆ ಒಂದು ಭೇದವನ್ನು ಇಲ್ಲಿಯೇ ಹೇಳಿಬಿಡಬೇಕು. ನೀರು ಬೀಳುವ ಎತ್ತರವೆಷ್ಟು, ಹರಿವೆಷ್ಟು ಎಂಬ ಎರಡು ಸಂಖ್ಯೆಗಳು ಸಿಕ್ಕರೆ ಜಲಚಕ್ರವನ್ನು ಮಾಂಟ್ರಿಯಲಿನಲ್ಲಿ ಕುಳಿತೂ ರಚಿಸಬಹುದು. ಅದರ ಪಕ್ಕದಲ್ಲಿ ಯಾರು ವಾಸಿಸುತ್ತಾರೆ, ಅವರು ಒಲೆಯನ್ನು ಎಲ್ಲಿ ಹೂಡುತ್ತಾರೆ ಎಂದು ಅದು ಕೇಳುವುದಿಲ್ಲ. ಮನೆ ಹಾಗಲ್ಲ. ಹೊರಗಿನಿಂದ ಬಂದ ತಜ್ಞನೊಬ್ಬ ಮನೆಯನ್ನು ಕಟ್ಟಹೊರಟಾಗ ಅವನಿಗೆ ಯಾವ ಸಂಖ್ಯೆಗಳು ಬೇಕು, ಯಾವುವು ಸಾಲವು? ಕೋನಿಗ್ಸ್‌ಬರ್ಗರ್ ಅವರ ವೃತ್ತಿಜೀವನ ಈ ಪ್ರಶ್ನೆಯ ಸುತ್ತಲೇ ಬೆಳೆದುದೆಂದು ನಮ್ಮ ಅಭಿಪ್ರಾಯ.

ಆಟೋ ಕೋನಿಗ್ಸ್‌ಬರ್ಗರ್ ಅವರು 1908ರಲ್ಲಿ ಬರ್ಲಿನ್ ನಗರದಲ್ಲಿ ಒಂದು ಯಹೂದಿ ಮನೆತನದಲ್ಲಿ ಜನಿಸಿದರು. ತಂದೆಯೂ ವಾಸ್ತುಶಿಲ್ಪಿ. ತಾಯಿಯ ಅಣ್ಣನೇ ಮುಂದೆ ನೊಬೆಲ್ ಪಾರಿತೋಷಕ ಪಡೆದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್. ಬರ್ಲಿನ್ನಿನ ತಾಂತ್ರಿಕ ವಿದ್ಯಾಲಯದಲ್ಲಿ ಹಾನ್ಸ್ ಪೋಲ್ಜಿಗ್, ಬ್ರೂನೊ ಟೌಟ್ ಮೊದಲಾದವರ ಬಳಿ ಕಲಿತು, 1933ರಲ್ಲಿ ಶಿಂಕೆಲ್ ಪ್ರಶಸ್ತಿಗೆ ಪಾತ್ರರಾದರು. ಅದೇ ವರ್ಷ ಜರ್ಮನಿಯಲ್ಲಿ ಹಿಟ್ಲರನ ಆಳ್ವಿಕೆ ಆರಂಭವಾಯಿತು. ಪ್ರಶಸ್ತಿ ಪಡೆದ ಇಪ್ಪತ್ತೈದರ ತರುಣನಿಗೆ ತಾಯ್ನಾಡಿನಲ್ಲಿ ಕೆಲಸವಿಲ್ಲದಂತಾಯಿತು. ಅವರು ಈಜಿಪ್ಟಿಗೆ ಹೋಗಿ, ನೆಫರ್ತೀತಿಯ ಶಿರೋವಿಗ್ರಹವನ್ನು ಉತ್ಖನನದಲ್ಲಿ ಕಂಡುಕೊಂಡ ಲುಡ್‌ವಿಗ್ ಬೋರ್ಖಾರ್ಟ್ ಅವರ ಬಳಿ ಪ್ರಾಚೀನ ವಾಸ್ತುವಿನ ಸಂಶೋಧನೆಯಲ್ಲಿ ತೊಡಗಿದರು. ಅಲ್ಲಿ ಅವರು ಡಾಕ್ಟರೇಟಿಗಾಗಿ ಆರಿಸಿಕೊಂಡ ವಿಷಯ ಪಿರಮಿಡ್ಡೂ ಅಲ್ಲ, ದೇವಾಲಯವೂ ಅಲ್ಲ; ಪ್ರಾಚೀನ ಈಜಿಪ್ಟಿನವರು ಬಾಗಿಲನ್ನು ಹೇಗೆ ಮಾಡುತ್ತಿದ್ದರು ಎಂಬುದು. 1936ರಲ್ಲಿ ಅದು ಪುಸ್ತಕವಾಗಿ ಅಚ್ಚಾಯಿತು. ದೊಡ್ಡ ಸ್ಮಾರಕಗಳ ನಡುವೆ ನಿಂತು ಬಾಗಿಲಿನ ತಿರುಗುಣಿಯನ್ನು ನೋಡುವ ಈ ದೃಷ್ಟಿ ಮುಂದಿನ ಅವರ ಎಲ್ಲ ಒಳ್ಳೆಯ ಕೆಲಸದಲ್ಲಿಯೂ ಉಂಟು. ಅದು ಕೈಬಿಟ್ಟು ಹೋದಾಗಲೆಲ್ಲ ಕೆಲಸ ಕೆಟ್ಟಿದೆ.

ಮೈಸೂರಿಗೂ ಅವರಿಗೂ ನಂಟು ಬೆಸೆದ ಬಗೆ ಸ್ವಾರಸ್ಯವಾಗಿದೆ. ಸರ್ ಸಿ. ವಿ. ರಾಮನ್ ಅವರ ಆಹ್ವಾನದ ಮೇಲೆ ಮ್ಯಾಕ್ಸ್ ಬಾರ್ನ್ 1935–36ರ ಚಳಿಗಾಲವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಳೆದರು. ಅವರನ್ನು ಅಲ್ಲಿಯೇ ಉಳಿಸಿಕೊಳ್ಳಬೇಕೆಂಬ ರಾಮನ್ನರ ಹಂಬಲ ಈಡೇರಲಿಲ್ಲ. ಸೋದರಮಾವ ನಿಲ್ಲಲಾಗದ ಊರಿಗೆ ಮೂರು ವರ್ಷಗಳ ತರುವಾಯ, 1939ರಲ್ಲಿ, ಅಳಿಯ ಬಂದು ನಿಂತನು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರು ಕೋನಿಗ್ಸ್‌ಬರ್ಗರ್ ಅವರನ್ನು ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ನೇಮಿಸಿಕೊಂಡರು. ಲಾಲ್‌ಬಾಗಿನ ಕ್ರುಂಬೀಗಲ್ ಅವರಿಂದಾಗಿ ಜರ್ಮನ್ ಅಧಿಕಾರಿಯೊಬ್ಬನನ್ನು ಕಾಣುವ ರೂಢಿ ಬೆಂಗಳೂರಿಗೆ ಆಗಲೇ ಇತ್ತು.

ನೀಲಗಿರಿಯವರಾದ ನಮಗೆ ಮೈಸೂರು ಅರಸರ ಅಭಿರುಚಿ ಅಪರಿಚಿತವಲ್ಲ. ಉದಕಮಂಡಲದ ಫರ್ನ್‌ಹಿಲ್ ಅರಮನೆ ಅವರ ಬೇಸಗೆಯ ಬೀಡಾಗಿತ್ತು. ಮಿರ್ಜಾ ಸಾಹೇಬರು ಊರನ್ನು ಚೆಂದಗಾಣಿಸುವುದರಲ್ಲಿ ಬಲು ಆಸಕ್ತರು. ಉದ್ಯಾನ, ಕಾರಂಜಿ, ವೃತ್ತ, ಗುಮ್ಮಟ, ಕಮಾನುಗಳಿಂದ ನಗರಕ್ಕೆ ಘನತೆ ಬರುವುದೆಂಬುದು ಅವರ ನಂಬಿಕೆ. ಬೃಂದಾವನವನ್ನು ಕಂಡವರು ಆ ನಂಬಿಕೆಯನ್ನು ಅಲ್ಲಗಳೆಯಲಾರರು. ಕೋನಿಗ್ಸ್‌ಬರ್ಗರ್ ಕಲಿತುಬಂದಿದ್ದ ಪಾಠವೇ ಬೇರೆ. ಅಲಂಕಾರ ಬೇಡ, ಕಟ್ಟಡದ ಉಪಯೋಗವೇ ಅದರ ರೂಪವನ್ನು ನಿಶ್ಚಯಿಸಲಿ ಎಂಬ ನವ್ಯ ವಾಸ್ತುಪಂಥ ಅವರದು. ಇವರಿಬ್ಬರ ಹೊಂದಾಣಿಕೆಯಿಂದ ಹುಟ್ಟಿದ ಕಟ್ಟಡಗಳನ್ನು ಕೆಲವರು ರಾಜಿಯ ಫಲವೆಂದು ಹಗುರವಾಗಿ ಕಾಣುವುದುಂಟು. ನಾವು ಹಾಗೆ ತಿಳಿಯುವುದಿಲ್ಲ. ಬಸವನಗುಡಿಯ ಕೃಷ್ಣರಾವ್ ಉದ್ಯಾನದಲ್ಲಿ 1940–41ರ ಸುಮಾರಿಗೆ ಅವರು ರಚಿಸಿದ ಚಿಕ್ಕ ಮಂಟಪ ಇದಕ್ಕೆ ನಿದರ್ಶನ. ಉದ್ಯಾನದ ಮಂಟಪಕ್ಕೆ ಬೇಕಾದುದು ನೆರಳು, ಕೂರುವ ಜಾಗ, ನಾಲ್ಕು ಕಡೆಯ ಗಾಳಿ. ಅಷ್ಟನ್ನು ಕೊಟ್ಟು, ಊರಿನ ಕಣ್ಣಿಗೆ ಒಗ್ಗುವ ಆಕಾರದಲ್ಲಿ ಅದು ನಿಂತಿದೆ. ಬಸವನಗುಡಿಯ ಹಿರಿಯರು ಅದರಡಿ ಕುಳಿತು ಲೋಕಾಭಿರಾಮವಾಗಿ ಮಾತಾಡುವಾಗ ಬರ್ಲಿನ್ನಿನ ನೆನಪು ಯಾರಿಗೂ ಆಗುವಂತಿಲ್ಲ. ಪರದೇಶಿಯ ಕೃತಿಗೆ ಇದಕ್ಕಿಂತ ಹೆಚ್ಚಿನ ಪ್ರಶಂಸೆ ಬೇಕಿಲ್ಲ.

ಅವರ ಕೈ ಪೂರ್ತಿ ಬಿಚ್ಚಿದುದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಎರಡನೆಯ ಮಹಾಯುದ್ಧದ ಕಾಲವದು. ವಿಮಾನ ತಂತ್ರಜ್ಞಾನದ ಶಿಕ್ಷಣ ನಾಡಿಗೆ ತುರ್ತಾಗಿ ಬೇಕಾಗಿತ್ತು; 1942ರಲ್ಲಿ ಸಂಸ್ಥೆಯಲ್ಲಿ ಆ ವಿಭಾಗ ಆರಂಭವಾಯಿತು. ಅದರ ಕಟ್ಟಡವನ್ನೂ ಗಾಳಿಸುರಂಗದ ಕಟ್ಟಡವನ್ನೂ, ಲೋಹಶಾಸ್ತ್ರ ವಿಭಾಗವನ್ನೂ, ಭೋಜನಶಾಲೆ ಮತ್ತು ಸಭಾಂಗಣವನ್ನೂ ಕೋನಿಗ್ಸ್‌ಬರ್ಗರ್ ರಚಿಸಿದರು. ಉಕ್ಕು ಸಿಮೆಂಟುಗಳು ಯುದ್ಧದ ಪಾಲಾಗಿದ್ದ ದಿನಗಳಲ್ಲಿ ಕೈಗೆ ಸಿಕ್ಕುವ ಕಲ್ಲು, ಇಟ್ಟಿಗೆ, ಸುಣ್ಣಗಳನ್ನು ನೆಚ್ಚಿಯೇ ಕೆಲಸ ಸಾಗಬೇಕಾಗಿತ್ತು. ಈ ಕಟ್ಟಡಗಳಲ್ಲಿ ಎದ್ದು ಕಾಣುವ ಬೆಡಗೇನೂ ಇಲ್ಲ. ಉದ್ದುದ್ದಕ್ಕೆ ಹರಡಿದ, ಅಗಲ ಕಡಮೆಯಾದ ದೇಹ. ಕಿಟಕಿಯ ಮೇಲೆ ಮುಂಚಾಚಿದ ಬಿಸಿಲುತಡೆ. ಒಂದು ಬದಿಯಿಂದ ಹೊಕ್ಕ ಗಾಳಿ ಮತ್ತೊಂದು ಬದಿಯಿಂದ ಹೊರಡುವ ಏರ್ಪಾಡು. ಹಳೆಯ ಬೆಂಗಳೂರಿನ ಬಂಗಲೆಗಳೂ ಜಗಲಿಗಳೂ ಮಾಡುತ್ತಿದ್ದ ಕೆಲಸವನ್ನೇ ಇವು ಬೇರೆ ಭಾಷೆಯಲ್ಲಿ ಮಾಡುತ್ತವೆ. ನೋಟಕ್ಕೆ ಯುರೋಪಿನದು, ನಡತೆಗೆ ಮೈಸೂರಿನದು ಎನ್ನಬಹುದು. ಅವರ ಕೃತಿಗಳಲ್ಲಿ ಶ್ರೇಷ್ಠವಾದುವು ಇವೇ ಎಂದು ನಾವು ಎಣಿಸುತ್ತೇವೆ. ಆಮೇಲೆ ಬಂದ ಹಿರಿಯ ಹುದ್ದೆಗಳಾಗಲಿ ವಿಶ್ವಸಂಸ್ಥೆಯ ಆಯೋಗಗಳಾಗಲಿ ಇವುಗಳನ್ನು ಮಂಕಾಗಿಸವು.

ಟಾಟಾ ಮನೆತನದ ಪರಿಚಯ ಅವರನ್ನು ಮೈಸೂರಿನ ಹೊರಕ್ಕೂ ಕರೆದೊಯ್ದಿತು. 1944–45ರಲ್ಲಿ ಜಮ್‌ಶೆಡ್‌ಪುರದ ಬೆಳವಣಿಗೆಯ ಯೋಜನೆಯನ್ನು ಅವರು ಸಿದ್ಧಪಡಿಸಿದರು. 1946ರಲ್ಲಿ ಮುಲ್ಕ್ ರಾಜ್ ಆನಂದ್ ಅವರ ನೇತೃತ್ವದಲ್ಲಿ ಮುಂಬಯಿಯಲ್ಲಿ ‘ಮಾರ್ಗ್’ ಪತ್ರಿಕೆ ಆರಂಭವಾದಾಗ ಅದರ ಸ್ಥಾಪಕರ ಬಳಗದಲ್ಲಿಯೂ ಅವರಿದ್ದರು. ಸ್ವಾತಂತ್ರ್ಯ ಬಂದ ಮರುವರ್ಷ ಒರಿಸ್ಸಾದ ಹೊಸ ರಾಜಧಾನಿ ಭುವನೇಶ್ವರದ ವಿನ್ಯಾಸ ಅವರ ಪಾಲಿಗೆ ಬಂದಿತು. ಊರನ್ನು ಚಿಕ್ಕ ಚಿಕ್ಕ ನೆರೆಹೊರೆಗಳಾಗಿ ವಿಂಗಡಿಸಿ, ಮಗು ದೊಡ್ಡ ರಸ್ತೆಯನ್ನು ದಾಟದೆ ನಡೆದು ಶಾಲೆ ಸೇರುವಂತಿರಬೇಕು, ಅಂಗಡಿ ಔಷಧಾಲಯಗಳು ಕಾಲ್ನಡಿಗೆಯ ದೂರದಲ್ಲಿರಬೇಕು ಎಂದು ಅವರು ಯೋಜಿಸಿದರು. ಕಾಲುದಾರಿಯಿಂದ ಹೆದ್ದಾರಿಯವರೆಗೆ ಏಳು ಬಗೆಯ ದಾರಿಗಳನ್ನು ಬೇರೆಬೇರೆಯಾಗಿ ಎಣಿಸಿದರು. ಭುವನೇಶ್ವರದವರು ತಮ್ಮ ಬಡಾವಣೆಗಳನ್ನು ಇಂದಿಗೂ ‘ಯೂನಿಟ್ 1’, ‘ಯೂನಿಟ್ 4’ ಎಂದೇ ಕರೆಯುವರು. ಹೆಸರು ನೀರಸವಾದದ್ದು, ಒಂದು ಊರಿನ ಕೇರಿಗೆ ಸಂಖ್ಯೆಯನ್ನಿಟ್ಟು ಸುಮ್ಮನಾದದ್ದು ಕೋನಿಗ್ಸ್‌ಬರ್ಗರ್ ಅವರ ಮನೋಧರ್ಮದ ಒಂದು ಕೊರತೆಯನ್ನೂ ತೋರಿಸುತ್ತದೆ. ನಮ್ಮ ಬೆಟ್ಟದ ಹಟ್ಟಿಯೊಂದಕ್ಕೆ ಹಳ್ಳದ ಹೆಸರೋ ಮರದ ಹೆಸರೋ ಹಿರಿಯನ ಹೆಸರೋ ಇರುತ್ತದೆ. ಅದು ಅಲ್ಲಿಯವರ ಜ್ಞಾಪಕ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಕಲೆ ಆ ಯೋಜನೆಯಲ್ಲಿ ಇರಲಿಲ್ಲ.

ಇನ್ನು ಅವರ ಸೋಲಿನ ಮಾತು. ಇದನ್ನು ಅಭಿಮಾನಿಗಳು ಬೇಗ ದಾಟಿಬಿಡುತ್ತಾರೆ. ನಾವು ಸ್ವಲ್ಪ ನಿಲ್ಲುತ್ತೇವೆ. ದೇಶ ಇಬ್ಭಾಗವಾಗಿ ಲಕ್ಷೋಪಲಕ್ಷ ಜನ ನಿರಾಶ್ರಿತರಾಗಿ ಬಂದಾಗ ನೆಹರೂ ಅವರ ಸರ್ಕಾರ ಕೋನಿಗ್ಸ್‌ಬರ್ಗರ್ ಅವರನ್ನು ವಸತಿ ಇಲಾಖೆಯ ನಿರ್ದೇಶಕರನ್ನಾಗಿ ದೆಹಲಿಗೆ ಕರೆಸಿಕೊಂಡಿತು. ರಾಜಕುಮಾರಿ ಅಮೃತ್ ಕೌರ್ ಅವರ ಆರೋಗ್ಯ ಸಚಿವಾಲಯದ ಅಡಿಯಲ್ಲಿ ಆ ಇಲಾಖೆಯಿತ್ತು. ಡೇರೆಗಳಲ್ಲಿ ಬಿದ್ದಿರುವ ಜನರಿಗೆ ಮನೆ ಬೇಕು, ಕೂಡಲೇ ಬೇಕು, ಅಗ್ಗವಾಗಿ ಬೇಕು. ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟು ಕಟ್ಟುತ್ತ ಕೂತರೆ ತಲೆಮಾರು ಕಳೆದೀತು. ಹಾಗಾಗಿ ಗೋಡೆ ಮಾಡುಗಳನ್ನು ಕಾರ್ಖಾನೆಯಲ್ಲಿ ಹಲಗೆಗಳಂತೆ ಎರಕಹೊಯ್ದು, ನಿವೇಶನಕ್ಕೆ ಸಾಗಿಸಿ, ಜೋಡಿಸಿ ನಿಲ್ಲಿಸುವ ಹಂಚಿಕೆ ಹೂಡಲಾಯಿತು. ಅದಕ್ಕಾಗಿ ದೆಹಲಿಯಲ್ಲಿ ಸರ್ಕಾರಿ ಗೃಹನಿರ್ಮಾಣ ಕಾರ್ಖಾನೆಯೊಂದು ಸ್ಥಾಪನೆಯಾಯಿತು. ಲೆಕ್ಕ ಕಾಗದದ ಮೇಲೆ ಸರಿಯಾಗಿಯೇ ಇತ್ತು. ಎರಕಹೊಯ್ದ ಹಲಗೆಗಳಿಗೆ ಮಾತ್ರ ನಿರೀಕ್ಷಿಸಿದ ಗಟ್ಟಿತನ ಬರಲಿಲ್ಲ. ಮನೆಗಳ ಬದಲು ಟೀಕೆಗಳು ಏರಿದವು. ವಿಷಯ ಸಂಸತ್ತಿನಲ್ಲಿ ಚರ್ಚೆಗೆ ಬಂದಿತು. ಸಚಿವೆಯೂ ನಿರ್ದೇಶಕರೂ ಕಟುಮಾತುಗಳನ್ನು ಕೇಳಬೇಕಾಯಿತು. 1951ರಲ್ಲಿ ಕೋನಿಗ್ಸ್‌ಬರ್ಗರ್ ಭಾರತವನ್ನು ತೊರೆದು ಲಂಡನ್ನಿಗೆ ಹೋದರು. ಆ ಕಾರ್ಖಾನೆ ಮಾತ್ರ ಕೈ ಬದಲಾಯಿಸಿ, ಬೇರೆ ಬೇರೆ ಕಾಂಕ್ರೀಟು ಸಾಮಗ್ರಿಗಳನ್ನು ಮಾಡುತ್ತ, ಮುಂದೆ ಹಿಂದೂಸ್ಥಾನ್ ಪ್ರೀಫ್ಯಾಬ್ ಎಂಬ ಹೆಸರಿನಲ್ಲಿ ಉಳಿಯಿತು.

ಸಾಮಾನ್ಯವಾಗಿ ಈ ಸೋಲಿಗೆ ತಾಂತ್ರಿಕ ಕಾರಣಗಳನ್ನು ಹೇಳುವ ವಾಡಿಕೆಯಿದೆ. ಅವು ಸುಳ್ಳಲ್ಲ. ಆದರೆ ಹಲಗೆ ಬಲವಾಗಿದ್ದರೆ ಮಾತ್ರ ಎಲ್ಲವೂ ಸುಖಾಂತವಾಗುತ್ತಿತ್ತೆಂದು ನಾವು ನಂಬಲಾರೆವು. ಬೆಂಗಳೂರಿನಲ್ಲಿ ಗಾಳಿ ಬೀಸುವ ದಿಕ್ಕನ್ನು ನೋಡಿ ಕಿಟಕಿಯಿಟ್ಟವರು ದೆಹಲಿಯಲ್ಲಿ ಮನೆಯನ್ನು ಜಲಚಕ್ರದಂತೆ ಭಾವಿಸಿದರು. ನಾಲ್ಕು ಸಂಖ್ಯೆಗಳನ್ನು ಕೊಟ್ಟರೆ ಎಲ್ಲಿ ಬೇಕಾದರೂ ತಯಾರಾಗಿ ಎಲ್ಲಿ ಬೇಕಾದರೂ ನಿಲ್ಲುವ ವಸ್ತುವೆಂದುಕೊಂಡರು. ಪಂಜಾಬಿನ ಒಕ್ಕಲಿಗನೊಬ್ಬ ಎಲ್ಲವನ್ನೂ ಕಳೆದುಕೊಂಡು ಬಂದಿದ್ದರೂ ಗೋಡೆಯೆಬ್ಬಿಸುವ ಕಸುಬು ಅವನ ಕೈಯಲ್ಲಿಯೇ ಇತ್ತು. ಆ ಯೋಜನೆ ಆ ಕೈಗಳಿಗೆ ಏನನ್ನೂ ಬಿಡಲಿಲ್ಲ. ನಿರಾಶ್ರಿತನು ಅದರ ದೃಷ್ಟಿಯಲ್ಲಿ ಮನೆಗಾಗಿ ಕಾಯುವವನು ಮಾತ್ರ. ತುರ್ತಿನ ಕಾಲದಲ್ಲಿ ಹೀಗಾಗುವುದು ಸಹಜವೆಂದು ಹೇಳಬಹುದು. ಆದರೆ ನೀಲಗಿರಿಯಲ್ಲಿ 2009ರ ನವೆಂಬರಿನ ಭೂಕುಸಿತವನ್ನು ಕಂಡವರಿಗೆ, ಮನೆ ಕಳೆದುಕೊಂಡವರು ತುರ್ತಿನ ಕಾಲದಲ್ಲಿಯೂ ಎಷ್ಟೊಂದು ಕೆಲಸವನ್ನು ತಾವೇ ಮಾಡಿಕೊಳ್ಳಬಲ್ಲರೆಂಬುದು ತಿಳಿದಿದೆ.

ಕೋನಿಗ್ಸ್‌ಬರ್ಗರ್ ಅವರ ಹಿರಿಮೆ ಇರುವುದು ಈ ಸೋಲಿನ ಮುಂದಿನ ಹೆಜ್ಜೆಯಲ್ಲಿ. 1950ರ ದಶಕದ ನಡುವೆ ವಿಶ್ವಸಂಸ್ಥೆ ಅವರನ್ನು ಚಾರ್ಲ್ಸ್ ಏಬ್ರಮ್ಸ್, ವ್ಲಾದಿಮಿರ್ ಬೊಡಿಯಾನ್‌ಸ್ಕಿ ಅವರೊಂದಿಗೆ ಆಫ್ರಿಕದ ಗೋಲ್ಡ್ ಕೋಸ್ಟಿಗೆ, ಅಂದರೆ ಮುಂದಿನ ಘಾನಾ ದೇಶಕ್ಕೆ, ಕಳುಹಿಸಿತು. ಅಲ್ಲಿ ಕಂಡದ್ದಿಷ್ಟು: ಹಳ್ಳಿಯವರು ಮಣ್ಣಿನ ಗೋಡೆಯನ್ನು ತಾವೇ ಎಬ್ಬಿಸಬಲ್ಲರು, ಗಟ್ಟಿಯಾದ ಮಾಡಿಗೆ ಬೇಕಾದ ಸಾಮಗ್ರಿಯನ್ನು ಕೊಳ್ಳಲು ಮಾತ್ರ ಅವರಲ್ಲಿ ಹಣವಿಲ್ಲ. ಆದ್ದರಿಂದ ಸರ್ಕಾರ ಮನೆ ಕಟ್ಟಿಕೊಡುವುದು ಬೇಡ, ಮಾಡಿಗೆ ಸಾಲ ಕೊಡಲಿ ಎಂದು ಮೂವರೂ ಸೂಚಿಸಿದರು. ಗೋಡೆ ಅವರದು, ಮಾಡಿನ ಸಾಲ ನಮ್ಮದು. ಸಾಲ ತೀರಿದಂತೆ ಆ ಹಣ ಇನ್ನೊಬ್ಬನ ಮಾಡಿಗೆ. ಕೆಲವೇ ವರ್ಷಗಳ ಹಿಂದೆ ಇಡೀ ಮನೆಯನ್ನು ಕಾರ್ಖಾನೆಯಲ್ಲಿ ಹೊಯ್ಯಲು ಹೊರಟವರೇ ಈ ಮಾತನ್ನು ಹೇಳಿದರೆಂಬುದನ್ನು ನಾವು ಗಮನಿಸಬೇಕು. ಅವರು ದೆಹಲಿಯ ಅನುಭವವನ್ನು ಕುರಿತು ಉದ್ದುದ್ದ ಸಮರ್ಥನೆಗಳನ್ನು ಬರೆಯಬಹುದಾಗಿತ್ತು. ಅದರ ಬದಲು ತಮ್ಮ ವಿಧಾನವನ್ನೇ ತಿರುವಿಹಾಕಿದರು. ಭಾರಿ ನಕಾಶೆಯೊಂದನ್ನು ಬರೆದು ಇಪ್ಪತ್ತು ವರ್ಷ ಅದನ್ನೇ ಪೂಜಿಸುವ ಯೋಜನಾಕ್ರಮವನ್ನು 1960ರ ದಶಕದಲ್ಲಿ ಅವರು ಟೀಕಿಸಿ, ಕೆಲಸ ಮಾಡುತ್ತ ತಿದ್ದಿಕೊಳ್ಳುತ್ತ ಹೋಗುವ ಕ್ರಮವನ್ನು ಮಂಡಿಸಿದುದು ಇದರ ಮುಂದುವರಿಕೆಯೇ ಆಗಿದೆ. 1963ರಲ್ಲಿ ಸಿಂಗಪುರಕ್ಕೆ ಹೋದ ವಿಶ್ವಸಂಸ್ಥೆಯ ತಂಡದಲ್ಲಿಯೂ ಅವರು ಇದೇ ನೋಟವನ್ನು ಕೊಂಡೊಯ್ದರು.

ಲಂಡನ್ನಿನಲ್ಲಿ 1954ರಲ್ಲಿ ಆರಂಭವಾಗಿದ್ದ ಉಷ್ಣವಲಯ ವಾಸ್ತುಶಿಲ್ಪ ವಿಭಾಗದ ಮುಖ್ಯಸ್ಥರಾಗಿ 1957ರಿಂದ ಅವರು ಪಾಠ ಹೇಳಿದರು. ಹೊಸದಾಗಿ ಸ್ವತಂತ್ರವಾದ ಏಷ್ಯಾ ಆಫ್ರಿಕಗಳ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರು. ಮುಂದೆ ಆ ವಿಭಾಗ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಸೇರಿ ಬೇರೆ ಹೆಸರು ತಾಳಿತು. ಸಹಲೇಖಕರೊಂದಿಗೆ ಅವರು ಬರೆದ ಉಷ್ಣವಲಯದ ಮನೆಗಳ ಕೈಪಿಡಿ 1974ರಲ್ಲಿ ಪ್ರಕಟವಾಯಿತು. ನಮ್ಮ ದೇಶದ ವಾಸ್ತುಶಿಲ್ಪ ವಿದ್ಯಾರ್ಥಿಗಳ ಕೈಯಲ್ಲಿ ಈಗಲೂ ಕಾಣಸಿಗುವ ಪುಸ್ತಕವದು. 1999ರಲ್ಲಿ ಲಂಡನ್ನಿನಲ್ಲಿಯೇ ಅವರು ತೀರಿಕೊಂಡರು.

ಈ ಕೈಪಿಡಿಯೊಳಗಿನ ಒಂದು ವಿಷಯ ನಮಗೆ ತೀರ ಹತ್ತಿರದ್ದು. ಉಷ್ಣವಲಯವೆಂದೊಡನೆ ಬಿಸಿಲು ಬೆವರುಗಳನ್ನು ನೆನೆಯುವುದು ರೂಢಿ. ಕೈಪಿಡಿ ಉಷ್ಣವಲಯವನ್ನು ತೇವದ ಸೆಕೆ, ಒಣ ಸೆಕೆ, ಇವೆರಡೂ ಸರದಿಯಲ್ಲಿ ಬರುವ ಮಳೆಗಾಲದ ಸೀಮೆ ಎಂದು ಮುಖ್ಯವಾಗಿ ಮೂರಾಗಿ ವಿಂಗಡಿಸಿ, ಮೂರನೆಯದರ ಒಳಗೆ ಉಷ್ಣವಲಯದ ಎತ್ತರದ ಸೀಮೆಯೆಂಬ ಒಂದು ಪ್ರಭೇದವನ್ನು ಹೇಳುತ್ತದೆ. ಸಮುದ್ರಮಟ್ಟದಿಂದ 900–1200 ಮೀಟರಿಗಿಂತ ಮೇಲಿನ ಬೆಟ್ಟ ಪ್ರಸ್ಥಭೂಮಿಗಳು ಈ ಗುಂಪಿನವು. ನೈರೋಬಿ, ಆಡಿಸ್ ಅಬಾಬಗಳು ಇದರ ನಿದರ್ಶನ. ಹಗಲಿನ ಬಿಸಿಲು ಚುರುಕು, ಇರುಳಾದೊಡನೆ ನೆಲದ ಕಾವೆಲ್ಲ ಆಕಾಶಕ್ಕೆ ಹಾರಿ ಚಳಿ ಕವಿಯುವುದು, ಹಗಲಿರುಳುಗಳ ಅಂತರ ಹೆಚ್ಚು. ಬೆಂಗಳೂರು ಈ ಸೀಮೆಯ ಹೊಸ್ತಿಲಲ್ಲಿದೆ; ಸುಮಾರು 2240 ಮೀಟರ್ ಎತ್ತರದ ಉದಕಮಂಡಲ ಅದರ ಒಳಕೋಣೆಯಲ್ಲಿಯೇ ಇದೆ. ಡಿಸೆಂಬರ್ ಜನವರಿಗಳಲ್ಲಿ ಬಯಲ ಹುಲ್ಲಿನ ಮೇಲೆ ಮಂಜು ಬೆಳ್ಳಗೆ ಹೆಪ್ಪುಗಟ್ಟಿ, ಎಳೆಯ ಟೀ ಚಿಗುರು ಕರಿದಾಗುವುದನ್ನು ಕಂಡ ನಮಗೆ ಆ ಪುಟಗಳ ಸತ್ಯಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅವರೂ ಅವರ ಸಹೋದ್ಯೋಗಿ ಕಾರ್ಲ್ ಮಹೋನಿ ಮೊದಲಾದವರೂ ರೂಪಿಸಿದ ಕೋಷ್ಟಕಗಳಿವೆ. ತಿಂಗಳು ತಿಂಗಳ ಗರಿಷ್ಠ ಕನಿಷ್ಠ ಉಷ್ಣತೆ, ತೇವಾಂಶ, ಮಳೆ, ಗಾಳಿಗಳನ್ನು ಅದರಲ್ಲಿ ತುಂಬಿದರೆ, ಮನೆ ಯಾವ ದಿಕ್ಕಿಗೆ ಉದ್ದವಿರಬೇಕು, ಮನೆಗಳ ನಡುವೆ ಎಷ್ಟು ತೆರವಿರಬೇಕು, ಕಿಟಕಿ ಎಷ್ಟು ದೊಡ್ಡದು, ಗೋಡೆ ಭಾರವೋ ಹಗುರವೋ, ಮಾಡು ಎಂಥದು ಎಂಬ ಸಲಹೆಗಳು ಹೊರಡುತ್ತವೆ. ನಮ್ಮ ಜಿಲ್ಲೆಗೆ ಇದನ್ನು ಹಚ್ಚಿ ನೋಡಿದರೆ ಏನಾಗುವುದೆಂದು ಊಹಿಸಬಹುದು. ಕುಂದಾ, ಅವಲಾಂಚಿಗಳಿಗೆ ನೈಋತ್ಯದ ಮಳೆ ನೇರವಾಗಿ ಬಡಿಯುತ್ತದೆ. 2019ರ ಆಗಸ್ಟಿನಲ್ಲಿ ಅವಲಾಂಚಿಯಲ್ಲಿ ಒಂದೇ ದಿನ 80 ಸೆಂಟಿಮೀಟರಿಗೂ ಮಿಕ್ಕಿ ಸುರಿಯಿತು. ಕೂನೂರು ಕೋತಗಿರಿಗಳ ಕಡೆ ಹಿಂಗಾರಿನದೇ ಪ್ರಾಬಲ್ಯ. ಮಸಿನಗುಡಿ ಬೆಟ್ಟದ ಮಳೆನೆರಳಿನಲ್ಲಿ ಒಣಗಿ ನಿಂತಿದೆ. ಗೂಡಲೂರು ಮಲೆನಾಡಿನಂತೆ ತೊಯ್ಯುತ್ತದೆ. ಒಂದೇ ಜಿಲ್ಲೆಯ ಈ ನಾಲ್ಕು ಕಡೆಗೂ ಸರ್ಕಾರದ ವಸತಿಗೃಹ ಒಂದೇ ನಕಾಶೆಯದು, ಖಾಸಗಿ ಮನೆ ಒಂದೇ ಸಿಮೆಂಟ್ ಪೆಟ್ಟಿಗೆ, ಅದೇ ಚಪ್ಪಟೆ ತಾರಸಿ. ಕಟ್ಟಡದ ಎತ್ತರಕ್ಕೆ ನಮ್ಮಲ್ಲಿ ಕಟ್ಟುನಿಟ್ಟಿನ ಮಿತಿಯಿದೆ, ಅದು ಇರಲಿ. ಗಾಳಿಯ ಮುಖಕ್ಕೆ ಕಿಟಕಿ ತೆರೆದು, ಬಿಸಿಲಿನ ಮುಖಕ್ಕೆ ಕುರುಡುಗೋಡೆ ಎಬ್ಬಿಸಿದವನನ್ನು ಕೇಳುವವರಿಲ್ಲ.

ಇದೇ ಬೆಟ್ಟದಲ್ಲಿ ಕೋಷ್ಟಕವಿಲ್ಲದೆ ಲೆಕ್ಕ ಬಲ್ಲವರಿದ್ದರು. ತೋಡರ ಗುಡಿಸಲು ಅರ್ಧ ಪೀಪಾಯಿಯನ್ನು ಕವುಚಿಟ್ಟಂತೆ ಬಾಗಿದ್ದು, ತೆವಳಿಕೊಂಡೇ ಹೊಗಬೇಕಾದಷ್ಟು ಕಿರಿದಾದ ಬಾಗಿಲನ್ನು ಹೊಂದಿದೆ. ಮಳೆ ಜಾರಿಹೋಗುತ್ತದೆ, ಒಳಗಿನ ಕಾವು ಉಳಿಯುತ್ತದೆ. ಬಡಗರ ಹಟ್ಟಿಯಲ್ಲಿ ಮನೆಗಳು ಗೋಡೆಗೆ ಗೋಡೆ ಕೂಡಿ ಸಾಲಾಗಿ ನಿಲ್ಲುವುದರಿಂದ ಪ್ರತಿಯೊಂದು ಮನೆಗೂ ಚಳಿಗೆ ತೆರೆದ ಗೋಡೆ ಕಡಮೆ, ಸಾಲಿನ ಮುಂದಿನ ಅಂಗಳಕ್ಕೆ ಬಿಸಿಲು ಧಾರಾಳ. ಈಜಿಪ್ಟಿನ ಬಾಗಿಲನ್ನು ಅಳೆದವರು ತೋಡರ ಬಾಗಿಲನ್ನು ಕಂಡಿದ್ದರೆ ಅದಕ್ಕೊಂದು ಅಧ್ಯಾಯವನ್ನು ಮೀಸಲಿಡುತ್ತಿದ್ದರೇನೋ.

ಇಲ್ಲಿ ‘ವಾಸ್ತು’ ಎಂಬ ಪದದ ಗತಿಯನ್ನು ಕುರಿತು ಒಂದು ಮಾತು ಹೇಳದೆ ಇರಲಾರೆವು. ದಿಕ್ಕನ್ನು ನೋಡಿ ಮನೆ ಕಟ್ಟಬೇಕೆಂಬ ಹಿರಿಯರ ವಿವೇಕದಲ್ಲಿ ಗಾಳಿ ಬಿಸಿಲುಗಳ ಲೆಕ್ಕವೂ ಇತ್ತು. ಈಗ ಅದೇ ಪದ ಬಾಗಿಲನ್ನು ಕಿತ್ತು ಮತ್ತೊಂದೆಡೆ ಇಡಿಸುವ, ಮೆಟ್ಟಿಲು ಒಡೆಸುವ ವ್ಯಾಪಾರದ ಹೆಸರಾಗಿದೆ. ಬಯಲುಸೀಮೆಗೆ ಹೇಳಿದ ದಿಕ್ಕನ್ನು ಮಂಜೂರಿನ ಇಳಿಜಾರಿಗೂ ಹೇಳುವುದರಲ್ಲಿ ವಾಸ್ತು ಪಂಡಿತನಿಗೂ ದೆಹಲಿಯ ಕಾರ್ಖಾನೆಗೂ ಹೆಚ್ಚಿನ ವ್ಯತ್ಯಾಸ ನಮಗೆ ಕಾಣದು.

ಹೀಗೆಂದು ಕೋನಿಗ್ಸ್‌ಬರ್ಗರ್ ಅವರ ಕೈಪಿಡಿಯೇ ಪೂರ್ಣಪ್ರಮಾಣವೆಂದು ನಾವು ಹೇಳುತ್ತಿಲ್ಲ. ಕೋಷ್ಟಕಕ್ಕೆ ಮಳೆ ಗೊತ್ತು, ಮಣ್ಣು ಜಾರುವುದು ಗೊತ್ತಿಲ್ಲ. ಗಾಳಿಯ ದಿಕ್ಕು ಗೊತ್ತು. ಅಡುಗೆಮನೆಯಲ್ಲಿ ದಿನದ ಹೆಚ್ಚು ಹೊತ್ತು ಕಳೆಯುವ ಹೆಂಗಸಿಗೆ ಬಿಸಿಲಿನ ಮೂಲೆ ಬೇಕೆಂಬುದು ಗೊತ್ತಿಲ್ಲ. ತೋಟದ ಲಯನುಗಳಲ್ಲಿ ಒಂದು ಕೋಣೆಯಲ್ಲಿ ಎಷ್ಟು ಜನ ಮಲಗುತ್ತಾರೆಂಬ ಕಲಮು ಅದರಲ್ಲಿಲ್ಲ. ಅವರು ಒಂಬತ್ತು ವರ್ಷ ಕನ್ನಡ ನಾಡಿನಲ್ಲಿದ್ದರೂ ಇಲ್ಲಿ ಅವರದೊಂದು ಶಿಷ್ಯಪರಂಪರೆ ಬೇರೂರಲಿಲ್ಲ. ಅವರ ವಿದ್ಯೆ ಲಂಡನ್ನನ್ನು ಸುತ್ತಿಕೊಂಡು, ಇಂಗ್ಲಿಷ್ ಪುಸ್ತಕವಾಗಿ, ಬಹಳ ತಡವಾಗಿ ನಮಗೆ ಮರಳಿತು. ಕನ್ನಡದಲ್ಲಿ ಇಂಥದೊಂದು ಕೈಪಿಡಿ, ಮೇಸ್ತ್ರಿಗಳೂ ಮನೆ ಕಟ್ಟಿಸುವ ಗೃಹಸ್ಥರೂ ಓದುವಂತೆ, ಜಿಲ್ಲೆಗೊಂದು ಅಧ್ಯಾಯವಿರುವಂತೆ ಬರಬೇಕಾಗಿದೆ. ನಮ್ಮ ಸಂಘದ ಎಂಜಿನಿಯರ್ ಮಿತ್ರರು ನೀಲಗಿರಿಯ ಅಧ್ಯಾಯವನ್ನಾದರೂ ಕೈಗೆತ್ತಿಕೊಂಡರೆ ಮಳೆಯ ದಾಖಲೆಗಳು ವಿದ್ಯುತ್ ಮಂಡಳಿಯ ಜಲಾಶಯಗಳಲ್ಲಿ, ಟೀ ತೋಟಗಳ ಹಳೆಯ ಪುಸ್ತಕಗಳಲ್ಲಿ ಬೇಕಾದಷ್ಟು ದೊರೆಯುತ್ತವೆ.

ಆ ಕೆಲಸಕ್ಕೆ ಮುನ್ನ ಮೂಲವನ್ನೊಮ್ಮೆ ಕಣ್ಣಾರೆ ಕಾಣುವುದು ಒಳ್ಳೆಯದು. ಬೆಂಗಳೂರಿಗೆ ಹೋಗುವ ಸದಸ್ಯರು ಬಸವನಗುಡಿಯ ಕೃಷ್ಣರಾವ್ ಉದ್ಯಾನಕ್ಕೆ ಹೋಗಿ ಆ ಮಂಟಪದಲ್ಲಿ ಅರ್ಧ ಗಂಟೆ ಕುಳಿತು ಬರಬಹುದು. ಏಪ್ರಿಲ್ ತಿಂಗಳಿನ ಮಧ್ಯಾಹ್ನವಾದರೆ ಮೇಲು. ನೆರಳು ಎಲ್ಲಿಯವರೆಗೆ ಬರುತ್ತದೆ, ಗಾಳಿ ಯಾವ ಕಡೆಯಿಂದ ಹೊಗುತ್ತದೆ ಎಂಬುದು ಆ ಹೊತ್ತಿನಲ್ಲಿಯೇ ಚೆನ್ನಾಗಿ ತಿಳಿಯುವುದು.